ಫಿಟ್ಸ್ ನಿಂತ ಮೇಲಿನ ವರ್ಷಗಳು

ನನ್ನ ಕ್ಲಿನಿಕ್ಕಿನಲ್ಲಿ ಮೂರ್ಛೆರೋಗದವರಿಗೆಂದೇ ಉದ್ದನೆಯ ಲೆಡ್ಜರ್ ಪುಸ್ತಕವೊಂದಿದೆ. 1998ರಲ್ಲಿ ಶುರು ಮಾಡಿದ್ದು. ಮೊದಲ ಪುಟಗಳನ್ನು ತಿರುವಿದರೆ ಹೆಸರು, ಊರು, ವಯಸ್ಸಿನ ನಂತರ ಎರಡೇ ಕಲಂ ಕಾಣುತ್ತವೆ: ಕೊನೆಯ ಫಿಟ್ಸ್ ಬಂದದ್ದು ಯಾವಾಗ, ಯಾವ ಮಾತ್ರೆ ಎಷ್ಟು. ಅದಕ್ಕಿಂತ ಹೆಚ್ಚಿನದನ್ನು ಬರೆದುಕೊಳ್ಳಬೇಕು ಎಂದು ನನಗೆ ಹೊಳೆದದ್ದು ಎಂಟು ವರ್ಷಗಳ ನಂತರ. ಆ ಎಂಟು ವರ್ಷಗಳಲ್ಲೂ ಅದರಾಚೆಗೂ ನಾನು ಮಾಡಿದ ತಪ್ಪುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ನರರೋಗ ತಜ್ಞೆಯಲ್ಲ. ಕೊಳ್ಳೇಗಾಲದ ಕಡೆಯ ಒಂದು ಊರಿನಲ್ಲಿ ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆ ನೋಡುವ ಸಾಮಾನ್ಯ ವೈದ್ಯೆ. ಪಕ್ಕದ ಯಳಂದೂರು ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ತಂಡದವರು ಮನೆಮನೆ ಸುತ್ತಿ ಮೂರ್ಛೆರೋಗಿಗಳನ್ನು ಹುಡುಕಿದ್ದರು. ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗಾಡಿನಲ್ಲೂ ಈ ರೋಗವನ್ನು ಹತೋಟಿಗೆ ತರಬಹುದು ಎಂದು ತೋರಿಸಿದ್ದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ವರದಿ ನನ್ನಂಥವರಿಗೆ ದೊಡ್ಡ ಧೈರ್ಯ ಕೊಟ್ಟಿತು. ಬೆಂಗಳೂರಿನ ನಗರ, ಗ್ರಾಮಾಂತರ ಭಾಗಗಳಲ್ಲಿ ನಿಮ್ಹಾನ್ಸ್‌ನವರು ನಡೆಸಿದ ಸಮೀಕ್ಷೆಯಲ್ಲಿ ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಮೂರ್ಛೆರೋಗ ಕಂಡಿತ್ತು. ಹಳ್ಳಿಗಳಲ್ಲಿ ಅದು ನಗರದ ಸುಮಾರು ಎರಡು ಪಟ್ಟು. ಇಷ್ಟು ಜನರಿಗೆ ದೊಡ್ಡಾಸ್ಪತ್ರೆಯ ತಜ್ಞರೇ ಸಿಗಬೇಕೆಂದರೆ ಆಗದ ಮಾತು. ಹಾಗಾಗಿ ನಾನೂ ಮಾತ್ರೆ ಬರೆಯತೊಡಗಿದೆ. ಅದರಲ್ಲಿ ತಪ್ಪಿರಲಿಲ್ಲ. ಬರೆದ ಮೇಲೆ ವರ್ಷಗಟ್ಟಲೆ ಆ ಮಾತ್ರೆ ದೇಹದೊಳಗೆ ಏನು ಮಾಡುತ್ತದೆ ಎಂದು ನೋಡದೆ ಹೋದದ್ದು ತಪ್ಪು.

ಮುಂದೆ ಓದುವ ಮೊದಲು ಒಂದು ಮಾತು. ಫಿಟ್ಸ್ ಮಾತ್ರೆ ನುಂಗುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ. ಯಾಕೆಂಬುದು ಒಂಬತ್ತನೆಯ ಪಾಠದಲ್ಲಿದೆ.

1. ಫಿಟ್ಸ್ ನಿಂತರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ

ಆಕೆಗೆ ಆಗ 38 ವರ್ಷ. ಮನೆಯಲ್ಲೇ ಕುಳಿತು ಹೂ ಕಟ್ಟುತ್ತಿದ್ದರು. 16 ವರ್ಷಗಳಿಂದ ಫೆನಿಟಾಯಿನ್, ಫಿನೋಬಾರ್ಬಿಟೋನ್ ಎರಡನ್ನೂ ನುಂಗುತ್ತಿದ್ದರು. ಊರವರ ಬಾಯಲ್ಲಿ ಎಪ್ಟಾಯಿನ್, ಗಾರ್ಡಿನಾಲ್. ಕೊನೆಯ ಫಿಟ್ಸ್ ಬಂದು 9 ವರ್ಷ ಕಳೆದಿತ್ತು. ನನ್ನ ಪುಸ್ತಕದಲ್ಲಿ ಅವರದು ಅತ್ಯಂತ ಸಮಾಧಾನದ ಪುಟ. ಬಂದಾಗಲೆಲ್ಲ "ಫಿಟ್ಸ್ ಬಂತೇನಮ್ಮ?" ಎನ್ನುವೆ, "ಇಲ್ಲ ಕನವ್ವ" ಎನ್ನುವರು, ಅದೇ ಮಾತ್ರೆ ಮತ್ತೆ ಬರೆದುಕೊಡುವೆ. ಒಮ್ಮೆ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಸೊಂಟ ಹಿಡ್ಕತ್ತದ ಕನವ್ವ, ಕೂತ್ರ ಏಳಕ್ಕಾಗದಿಲ್ಲ" ಎಂದರು. ನೋವಿನ ಮಾತ್ರೆ ಕೊಟ್ಟೆ. ಮುಂದಿನ ಸಲವೂ ಅದೇ ಮಾತು, ಅದೇ ಮಾತ್ರೆ. ಎರಡು ವರ್ಷ ಹೀಗೇ ನಡೆಯಿತು. ನಡುವೆ ಬೇರೆ ಯಾವುದಕ್ಕೋ ರಕ್ತಪರೀಕ್ಷೆ ಮಾಡಿಸಿದಾಗ ಆಲ್ಕಲೈನ್ ಫಾಸ್ಫಟೇಸ್ ಇರಬೇಕಾದುದರ ಎರಡು ಪಟ್ಟು ಮೀರಿತ್ತು. ಆ ಅಂಶ ಲಿವರ್‌ನಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ನಾನು ಪುಸ್ತಕದ ಅಂಚಿನಲ್ಲಿ "ಲಿವರ್, ಮಾತ್ರೆಯಿಂದ" ಎಂದು ಬರೆದು ಮುಂದೆ ಹೋದೆ. ಆ ಅಕ್ಷರಗಳು ಇವತ್ತಿಗೂ ಅಲ್ಲಿವೆ.

ಒಂದು ಬೆಳಿಗ್ಗೆ ಹೊಸ್ತಿಲು ದಾಟುವಾಗ ಕಾಲು ತಡೆದು ಬಿದ್ದರು. ಅಷ್ಟಕ್ಕೇ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು. ಮೈಸೂರಿನ ಆಸ್ಪತ್ರೆಯಿಂದ ಚಿಕ್ಕ ವಯಸ್ಸಿನ ಮೂಳೆ ವೈದ್ಯರೊಬ್ಬರು ಫೋನ್ ಮಾಡಿದರು. "ಮೇಡಂ, ಇವರ ವಿಟಮಿನ್ ಡಿ 5 ಇದೆ, ಕ್ಯಾಲ್ಸಿಯಂ ಕೆಳಗಿದೆ. ಎಷ್ಟು ವರ್ಷದಿಂದ ಫೆನಿಟಾಯಿನ್ ತಗೊಳ್ತಿದ್ದಾರೆ?" ಡಿ ಮಟ್ಟ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ, ಇವರದು 5. ಮೂಳೆ ಮೆತ್ತಗಾಗುವ ರೋಗ, ಆಸ್ಟಿಯೋಮಲೇಸಿಯಾ. ನೆಲದಿಂದ ಏಳಲಾಗದಿರುವುದು ಅದರ ಬಹಳ ಹಳೆಯ, ಬಹಳ ಸ್ಪಷ್ಟ ಲಕ್ಷಣ. ಆಕೆ ಎರಡು ವರ್ಷ ನನಗೆ ಅದನ್ನೇ ಹೇಳುತ್ತಿದ್ದರು.

ಆಮೇಲೆ ಕುಳಿತು ಓದಿದೆ. ಚರ್ಮದಲ್ಲಿ ಬಿಸಿಲಿನಿಂದ ತಯಾರಾಗುವ ಡಿ ಮೊದಲು ಲಿವರ್‌ಗೆ, ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಕೆಲಸಕ್ಕೆ ಬರುವ ರೂಪ ತಾಳುತ್ತದೆ. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್, ಪ್ರಿಮಿಡೋನ್ ಇವು ಲಿವರ್‌ನ ಕಿಣ್ವಗಳನ್ನು ಎಬ್ಬಿಸಿ ಹೆಚ್ಚು ಕೆಲಸಕ್ಕೆ ಹಚ್ಚುತ್ತವೆ. ಆ ಕಿಣ್ವಗಳು ಔಷಧಿಯ ಜೊತೆಗೆ ಡಿಯನ್ನೂ ಬೇಗ ಬೇಗ ಒಡೆದು ಹಾಕುತ್ತವೆ. ತೂತು ಬಿದ್ದ ಚೀಲಕ್ಕೆ ರಾಗಿ ತುಂಬಿದ ಹಾಗೆ. ವಾಲ್ಪ್ರೋಯೇಟ್ ಹೀಗೆ ಕಿಣ್ವ ಎಬ್ಬಿಸುವುದಿಲ್ಲ, ಆದರೂ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮೂಳೆ ಸವೆಯುವುದನ್ನು ಕಂಡಿದ್ದಾರೆ. ಇದು ಹೊಸ ವಿಷಯವೇ ಅಲ್ಲ. 1968ರಲ್ಲಿ ಜರ್ಮನಿಯಿಂದ, 1970ರಲ್ಲಿ ಇಂಗ್ಲೆಂಡಿನಿಂದ ವರದಿಯಾದದ್ದು. ನಾನು ಹುಟ್ಟುವ ಹೊತ್ತಿಗೇ ವೈದ್ಯಲೋಕಕ್ಕೆ ತಿಳಿದಿದ್ದ ಸಂಗತಿ ನನ್ನ ಮೇಜಿನವರೆಗೆ ಬರಲು ಒಬ್ಬರ ಮೂಳೆ ಮುರಿಯಬೇಕಾಯಿತು.

ಅಂದಿನಿಂದ ಪುಸ್ತಕದಲ್ಲಿ ಮೂರನೆಯ ಕಲಂ ಇದೆ. "ಕೈ ಊರದೆ ನೆಲದಿಂದ ಏಳುತ್ತಾರೆಯೇ?" ಕೇಳುವುದಷ್ಟೇ ಅಲ್ಲ, ಚಾಪೆ ಹಾಸಿ ಕೂರಿಸಿ ಏಳಿಸಿ ನೋಡುತ್ತೇನೆ.

2. ನಮ್ಮ ಬಿಸಿಲನ್ನು ಅತಿಯಾಗಿ ನಂಬಿದ್ದೆ

ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದ ಮೇಲೆ ಅವರನ್ನು ನೋಡಲು ಮನೆಗೆ ಹೋಗಿದ್ದೆ. ಹೂ ಕಟ್ಟುತ್ತಿದ್ದದ್ದು ನಡುಮನೆಯಲ್ಲಿ. ಕಿಟಕಿಯಿಲ್ಲದ, ಹಗಲಲ್ಲೂ ದೀಪ ಬೇಕಾಗುವ ಜಾಗ. ಅವರ ತಾಯಿ ಹೇಳಿದರು: "ಬಾವಿ ಕಡ ಬುಡದಿಲ್ಲ, ಒಲ ಮುಂದ ಕೂರ್ಸದಿಲ್ಲ, ಹೊಲಕ್ಕ ಕಳ್ಸದಿಲ್ಲ. ಎಲ್ಲಿ ಬಿದ್ದಾಳೋ ಅನ್ನ ಭಯ ಕನವ್ವ." ಹಾಗೆ ಮಗಳನ್ನು 16 ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದರು. ಆ ಪ್ರೀತಿಯೇ ಬಿಸಿಲನ್ನೂ ತಡೆದಿತ್ತು.

ನಾನು ಓದುವಾಗ ವಿಟಮಿನ್ ಡಿ ಕೊರತೆ ಎಂದರೆ ಬಿಸಿಲಿಲ್ಲದ ಶೀತದೇಶದ ಕಾಯಿಲೆ ಎಂಬ ಭಾವನೆಯಿತ್ತು. ನಮ್ಮ ದೇಶದಲ್ಲೂ ಈ ಕೊರತೆ ವ್ಯಾಪಕವಾಗಿದೆ ಎಂದು ಗೊತ್ತಾದ ಮೇಲೂ, ಹಳ್ಳಿಯವರಿಗೆ ಇರಲಾರದು ಎಂದುಕೊಂಡಿದ್ದೆ. ಹೊಲದಲ್ಲಿ ದುಡಿಯುವವರಿಗೆ ಬಿಸಿಲು ಸಿಗುತ್ತದೆ, ನಿಜ. ಮೂರ್ಛೆರೋಗವಿರುವ ಮಗಳು, ಸೊಸೆ, ತಮ್ಮ ಇವರು ಹೊಲದಲ್ಲಿರುವುದಿಲ್ಲ. ನನ್ನ ಪುಸ್ತಕದಲ್ಲಿದ್ದ ಜನ ಊರಿನಲ್ಲೇ ಅತಿ ಕಡಿಮೆ ಬಿಸಿಲು ಕಂಡವರು. ಇದು ನನಗೆ ಗೊತ್ತಾಗಬೇಕಾದರೆ ಅವರ ಮನೆಯ ಒಳಗೆ ಕಾಲಿಡಬೇಕಿತ್ತು.

ಈಗ ಮನೆಯವರಿಗೆ ಹೇಳುತ್ತೇನೆ: ಹೂ ಕಟ್ಟುವುದಾಗಲಿ, ಅವರೆಕಾಯಿ ಸುಲಿಯುವುದಾಗಲಿ, ಕೆಲಸವನ್ನು ಜಗಲಿಗೋ ಹಿತ್ತಿಲಿಗೋ ತನ್ನಿ. ಎಳೆಬಿಸಿಲು ಹಿತವೇ, ಆದರೆ ಡಿ ತಯಾರಾಗಲು ಬೇಕಾದ ಕಿರಣಗಳು ಅದರಲ್ಲಿ ಕಡಿಮೆ. ಹೊತ್ತು ಏರಿದ ಮೇಲೆ, 11ರಿಂದ 2ರ ನಡುವೆ, ತೋಳು ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಬೇಕು. ಊಟದ ಬಗ್ಗೆಯೂ ನನ್ನ ಮಾತು ಬದಲಾಯಿತು. ಮೊದಲೆಲ್ಲ "ಮುದ್ದೆ ತಿನ್ನಿ, ಕ್ಯಾಲ್ಸಿಯಂಗೆ ಅದೇ ಸಾಕು" ಎನ್ನುತ್ತಿದ್ದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ಸತ್ಯ. ಆದರೆ ಅದನ್ನು ಕರುಳಿನಿಂದ ಒಳಗೆ ಎಳೆದುಕೊಳ್ಳಲು ಡಿ ಬೇಕು. ಡಿ ಇಲ್ಲದವರಿಗೆ ದಿನಕ್ಕೆರಡು ಮುದ್ದೆ ಬಡಿಸಿದರೂ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

3. ಫಿಟ್ಸ್ ಮರಳಿದಾಗಲೆಲ್ಲ ಡೋಸ್ ಏರಿಸಿದೆ

ಹತ್ತೊಂಬತ್ತರ ಹುಡುಗ. ಏಳು ವರ್ಷದಿಂದ ಫೆನಿಟಾಯಿನ್. ಮೂರು ವರ್ಷ ನೆಟ್ಟಗಿದ್ದವನಿಗೆ ಒಂದೇ ತಿಂಗಳಲ್ಲಿ ಎರಡು ಸಲ ಬಂತು. ಮಾತ್ರೆ ತಪ್ಪಿಸಿಲ್ಲ ಎಂದು ತಾಯಿ ಆಣೆ ಇಟ್ಟು ಹೇಳಿದರು. ನಾನು 300 ಮಿಲಿಗ್ರಾಂ ಇದ್ದದ್ದನ್ನು 400 ಮಾಡಿದೆ. ಫೆನಿಟಾಯಿನ್ ವಿಷಯದಲ್ಲಿ ಈ ಏರಿಕೆ ಚಿಕ್ಕದಲ್ಲ. ಒಂದು ಮಟ್ಟ ದಾಟಿದ ಮೇಲೆ ಲಿವರ್ ಅದನ್ನು ಅರಗಿಸಲಾರದೆ ರಕ್ತದಲ್ಲಿ ಮಟ್ಟ ಧಿಡೀರನೆ ಏರುತ್ತದೆ. ಹತ್ತು ದಿನಕ್ಕೆ ಹುಡುಗ ತೂರಾಡುತ್ತಾ ಬಂದ. ಕುಡಿದಿದ್ದಾನೆಂದು ಬಸ್ಸಿನಿಂದ ಇಳಿಸಿದ್ದರಂತೆ. ಫಿಟ್ಸ್ ಮಾತ್ರ ನಿಂತಿರಲಿಲ್ಲ.

ಅವನ ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟಿ ಉಬ್ಬಿಸಿದೆ. ಸ್ವಲ್ಪ ಹೊತ್ತಿಗೆ ಆ ಕೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಸೆಟೆದವು. ಕ್ಯಾಲ್ಸಿಯಂ ಕೊರತೆಯದೆಂದು ಪಠ್ಯಪುಸ್ತಕದಲ್ಲಿ ಓದಿದ್ದ ಚಿಹ್ನೆ. ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಕ್ಯಾಲ್ಸಿಯಂ ಮಾಡಿಸಿದರೆ 6.8. ಇರಬೇಕಾದದ್ದು 8.5ಕ್ಕಿಂತ ಮೇಲೆ. ಕ್ಯಾಲ್ಸಿಯಂ ಅಷ್ಟು ಇಳಿದರೆ ಅದೇ ಫಿಟ್ಸ್ ತರಿಸುತ್ತದೆ. ಮಾತ್ರೆಯಿಂದ ಡಿ ಇಳಿದು, ಡಿ ಇಲ್ಲದ್ದರಿಂದ ಕ್ಯಾಲ್ಸಿಯಂ ಇಳಿದು, ಕ್ಯಾಲ್ಸಿಯಂ ಇಳಿದದ್ದರಿಂದ ಫಿಟ್ಸ್ ಬಂದು, ಅದಕ್ಕೆ ನಾನು ಅದೇ ಮಾತ್ರೆಯನ್ನು ಹೆಚ್ಚು ಮಾಡಿದ್ದೆ. ಅವನು ಕೈ ಜೋಮು ಹಿಡಿಯುತ್ತದೆ, ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ ಎಂದು ತಿಂಗಳುಗಳಿಂದ ತಾಯಿಯ ಹತ್ತಿರ ಹೇಳುತ್ತಿದ್ದನಂತೆ. ನನ್ನ ಹತ್ತಿರ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಕ್ಯಾಲ್ಸಿಯಂ, ಡಿ ತುಂಬಿಸಿ ಹಳೆಯ ಡೋಸಿಗೇ ಮರಳಿದ ಮೇಲೆ ಫಿಟ್ಸ್ ನಿಂತಿತು.

4. "ವಾರಕ್ಕೊಂದು" ಎಂದು ಬರೆದರೆ ಸಾಲದು

ಕೊರತೆಯನ್ನು ಗುರುತಿಸಲು ಕಲಿತ ಮೇಲೆ ಉತ್ಸಾಹ ಹೆಚ್ಚಿತು. 60,000 ಯೂನಿಟ್‌ಗಳ ಡಿ ಪುಡಿಯ ಸ್ಯಾಶೆ, ವಾರಕ್ಕೊಂದರಂತೆ 8 ವಾರ. ನಮ್ಮಲ್ಲಿ ರೂಢಿಯಲ್ಲಿರುವ ಕ್ರಮ ಅದೇ. ಒಬ್ಬ ಹಿರಿಯರಿಗೆ ಹಾಗೇ ಬರೆದುಕೊಟ್ಟೆ. ಅವರು ಉಳಿದೆಲ್ಲ ಮಾತ್ರೆಗಳಂತೆ ಇದನ್ನೂ ದಿನಾ ರಾತ್ರಿ ಹಾಲಿಗೆ ಹಾಕಿಕೊಂಡು ಕುಡಿದರು. ಮುಗಿದಾಗ ಅದೇ ಚೀಟಿ ತೋರಿಸಿ ಮತ್ತೆ ತಂದರು. ಎರಡು ತಿಂಗಳಿಗೂ ಹೆಚ್ಚು ಕಾಲ.

ಬಂದಾಗ ವಾಂತಿ, ಮಲಬದ್ಧತೆ, ತಡೆಯದ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರ. ಮಾತಿನಲ್ಲಿ ಗೊಂದಲ. ಮನೆಯವರು ಫಿಟ್ಸ್‌ನದೇ ಇನ್ನೊಂದು ರೂಪ ಎಂದುಕೊಂಡಿದ್ದರು. ಕ್ಯಾಲ್ಸಿಯಂ 13 ದಾಟಿತ್ತು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಜಿಲ್ಲಾಸ್ಪತ್ರೆಯಲ್ಲಿ ಎರಡು ವಾರ ಡ್ರಿಪ್ ಹಾಕಿ ಉಳಿಸಿಕೊಂಡರು. ಬಿ ಗುಂಪಿನ ವಿಟಮಿನ್‌ಗಳಲ್ಲಿ ಹೆಚ್ಚಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಡಿ ಕೊಬ್ಬಿನಲ್ಲಿ ಕೂಡಿಕೊಂಡು ಕುಳಿತುಬಿಡುತ್ತದೆ. ಅಂಗಡಿಯವರು ಚೀಟಿ ನೋಡದೆ ಕೊಟ್ಟರು ಎಂದು ಅವರ ಮಗ ಸಿಟ್ಟಾದ. ಆ ಚೀಟಿಯನ್ನು ನಾನು ತಿರುಗಿ ನೋಡಿದೆ. ವಾರಕ್ಕೊಮ್ಮೆ ಎಂಬುದನ್ನು ಇಂಗ್ಲಿಷಿನಲ್ಲಿ, ಎರಡು ಅಕ್ಷರದ ಸಂಕ್ಷೇಪದಲ್ಲಿ ಬರೆದಿದ್ದೆ. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು.

ಈಗ ಚೀಟಿಯಲ್ಲಿ ಕನ್ನಡದಲ್ಲೇ "ಸಂತೆ ದಿನ ಮಾತ್ರ" ಎಂದು ಬರೆಯುತ್ತೇನೆ. ಸಂತೆಯಿಂದ ಬಂದು ಚೀಲ ಇಳಿಸಿದ ಮೇಲೆ ಒಂದು ಸ್ಯಾಶೆ. ಆಮೇಲೆ ತಿಂಗಳಿಗೊಂದಕ್ಕೆ ಇಳಿಸುವಾಗ "ಅಮಾವಾಸ್ಯೆ ದಿನ" ಎಂದು ಬರೆಯುತ್ತೇನೆ. ಎಷ್ಟು ಸ್ಯಾಶೆ ಎಂದು ಎಣಿಸಿಯೇ ಕೊಡಿಸುತ್ತೇನೆ. ಕಿಣ್ವ ಎಬ್ಬಿಸುವ ಮಾತ್ರೆ ನುಂಗುವವರಿಗೆ ಉಳಿದವರಿಗಿಂತ ಎರಡು ಮೂರು ಪಟ್ಟು ಡಿ ಬೇಕಾಗಬಹುದು, ಹಾಗಾಗಿ ಪೂರ್ತಿ ನಿಲ್ಲಿಸುವಂತಿಲ್ಲ. ಆದರೆ ಆ ಎರಡು ಮೂರು ಪಟ್ಟಿಗೂ ದಿನಕ್ಕೊಂದು ಸ್ಯಾಶೆಗೂ ಬಹಳ ದೂರ.

5. ಫೋಲಿಕ್ ಆ್ಯಸಿಡ್ ನಿರಪಾಯದ ಮಾತ್ರೆ ಎಂದುಕೊಂಡಿದ್ದೆ

ಈ ವಿಟಮಿನ್ನಿನ ಕಥೆ ಶುರುವಾಗುವುದು ನಮ್ಮ ದೇಶದಲ್ಲೇ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು 1931ರಲ್ಲಿ ವರದಿ ಮಾಡಿದರು. ಆ ಸಾರದಲ್ಲಿದ್ದದ್ದು ಫೋಲೇಟ್ ಎಂದು ತಿಳಿದದ್ದು ಆಮೇಲೆ. ಅದೇ ಬಗೆಯ ರಕ್ತಹೀನತೆ ಫೆನಿಟಾಯಿನ್ ನುಂಗುವವರಲ್ಲೂ ಬರುತ್ತದೆ ಎಂದು 1952ರ ಹೊತ್ತಿಗೇ ಬರೆದಿದ್ದಾರೆ. ರಕ್ತಕಣ ಸಂಖ್ಯೆಯಲ್ಲಿ ಕಡಿಮೆಯಾಗಿ ಗಾತ್ರದಲ್ಲಿ ದೊಡ್ಡದಾಗುತ್ತದೆ.

ನನ್ನ ಹತ್ತಿರ ಬರುತ್ತಿದ್ದ ದರ್ಜಿಯೊಬ್ಬರಿಗೆ ಹೀಗೇ ಆಗಿತ್ತು. ಹಿಮೋಗ್ಲೋಬಿನ್ 8. ಈ ಸಲವಾದರೂ ಬೇಗ ಹಿಡಿದೆ ಎಂಬ ಸಂತೋಷದಲ್ಲಿ ಫೋಲಿಕ್ ಆ್ಯಸಿಡ್ 5 ಮಿಲಿಗ್ರಾಂ ದಿನಕ್ಕೊಂದು ಶುರು ಮಾಡಿದೆ. ಸುಸ್ತು ಕಡಿಮೆಯಾಯಿತು. ಎರಡನೆಯ ತಿಂಗಳು ಹೊಲಿಗೆ ಯಂತ್ರದ ಮೇಲೆಯೇ ಫಿಟ್ಸ್ ಬಂದು ಬಿದ್ದರು, ಎರಡು ವರ್ಷದ ನಂತರ. ಸೂಜಿ ಬೆರಳಿನೊಳಗೆ ಮುರಿದಿತ್ತು. ಫೆನಿಟಾಯಿನ್ ಅನ್ನು ಒಡೆಯಲು ದೇಹ ಫೋಲೇಟನ್ನೇ ಬಳಸುತ್ತದೆ. ಫೋಲೇಟ್ ತುಂಬಿದೊಡನೆ ಒಡೆಯುವ ಕೆಲಸ ಚುರುಕಾಗಿ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿಯುತ್ತದೆ. ಹಾಗೆಂದು ಫೋಲೇಟ್ ಕೊಡದೆ ಇರುವಂತಿಲ್ಲ. ಕೊಡುವ ಮೊದಲೊಮ್ಮೆ, ಕೊಟ್ಟು ಕೆಲವು ವಾರಕ್ಕೊಮ್ಮೆ ಫೆನಿಟಾಯಿನ್ ಮಟ್ಟ ನೋಡಬೇಕು. ಹೆಚ್ಚಿನವರಿಗೆ 5 ಮಿಲಿಗ್ರಾಂ ಬೇಕಾಗುವುದೂ ಇಲ್ಲ. ದಿಲ್ಲಿಯ ಏಮ್ಸ್‌ನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಕೊಟ್ಟದ್ದು ದಿನಕ್ಕೆ ಅರ್ಧ ಮಿಲಿಗ್ರಾಂ ಮಾತ್ರ. ಅಷ್ಟರಿಂದಲೇ ಫೆನಿಟಾಯಿನ್‌ನಿಂದ ವಸಡು ಊದುವುದು 100ರಲ್ಲಿ 88 ಮಕ್ಕಳಿಂದ 21 ಮಕ್ಕಳಿಗೆ ಇಳಿಯಿತು. ನನ್ನಲ್ಲಿಗೆ ಬರುತ್ತಿದ್ದ ಮಕ್ಕಳ ಊದಿದ ವಸಡನ್ನು ಎಷ್ಟೋ ವರ್ಷ "ಸರಿಯಾಗಿ ಹಲ್ಲುಜ್ಜು" ಎಂದು ಗದರಿ ಕಳಿಸಿದ್ದೆ. ಅದಕ್ಕಾಗಿ ಆ ಮಕ್ಕಳ ಕ್ಷಮೆ ಕೇಳಬೇಕೆನಿಸುತ್ತದೆ.

ಇನ್ನೊಂದನ್ನು ಇಲ್ಲೇ ಹೇಳಬೇಕು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ ಇರುತ್ತದೆ. ಅಂಥವರಿಗೆ ಬರೀ ಫೋಲಿಕ್ ಆ್ಯಸಿಡ್ ಕೊಟ್ಟರೆ ರಕ್ತ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಈಗ ಎರಡನ್ನೂ ಒಟ್ಟಿಗೆ ನೋಡದೆ ಒಂದನ್ನು ಕೊಡುವುದಿಲ್ಲ.

6. ಹೆಣ್ಣುಮಕ್ಕಳ ಜೊತೆ ಮಾತನಾಡಲು ತಡ ಮಾಡಿದೆ

ಇದನ್ನು ಬರೆಯಲು ಕಷ್ಟವಾಗುತ್ತಿದೆ. 14ನೆಯ ವಯಸ್ಸಿನಿಂದ ವಾಲ್ಪ್ರೋಯೇಟ್ ತೆಗೆದುಕೊಳ್ಳುತ್ತಿದ್ದ ಹುಡುಗಿ. ಚೂಟಿ. ಪಿಯುಸಿಯಲ್ಲಿ ಪ್ರಥಮ ದರ್ಜೆ ಬಂದಾಗ ಪೇಡ ತಂದು ಕೊಟ್ಟಿದ್ದಳು. 21ಕ್ಕೆ ಮದುವೆಯಾಯಿತು, ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಮೂರ್ಛೆರೋಗದ ವಿಷಯವನ್ನು ಗಂಡಿನ ಮನೆಗೆ ಹೇಳಿರಲಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ, ಆದರೆ ಊರಿನ ನಾಲಿಗೆ ಕಾಯ್ದೆಯ ಮಾತು ಕೇಳುವುದಿಲ್ಲ. ಅವಳು ಮಾತ್ರೆಯನ್ನು ಕುಂಕುಮದ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದಳು. ಮತ್ತೆ ನನ್ನ ಹತ್ತಿರ ಬಂದಾಗ ಮೂರು ತಿಂಗಳು ತುಂಬಿತ್ತು.

ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28 ದಿನದೊಳಗೆ. ಮುಟ್ಟು ನಿಂತಿತೆಂದು ಹೆಣ್ಣು ಗಮನಿಸುವ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ವಾಲ್ಪ್ರೋಯೇಟ್ ತೆಗೆದುಕೊಳ್ಳುವ ತಾಯಂದಿರಲ್ಲಿ 100ಕ್ಕೆ ಒಂದೆರಡು ಮಕ್ಕಳಿಗೆ ಈ ನಾಳದ ದೋಷ, ಎಲ್ಲ ಬಗೆಯ ದೊಡ್ಡ ದೋಷಗಳನ್ನು ಸೇರಿಸಿದರೆ ಸುಮಾರು 10 ಮಕ್ಕಳಿಗೆ. ಅವಳ ಮಗುವಿಗೆ ಬೆನ್ನು ತೆರೆದುಕೊಂಡಿತ್ತು. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಗೊತ್ತಾಯಿತು. "ಮೊದ್ಲೇ ಹೇಳಿದ್ರೆ ಬೇರೆ ಮಾತ್ರೆ ತಗೋತಿದ್ನಲ್ಲ ಡಾಕ್ಟ್ರೇ" ಎಂದಳು. ಅಳಲಿಲ್ಲ, ಕೂಗಲಿಲ್ಲ. ಏಳು ವರ್ಷ ಅವಳು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಿದ್ದಳು. ಮದುವೆಯಾಗದ ಹುಡುಗಿಯ ಹತ್ತಿರ ಗರ್ಭದ ಮಾತು ಹೇಗೆ ಆಡುವುದು ಎಂಬ ಸಂಕೋಚ ನನ್ನದು. ಅದರ ಬೆಲೆ ತೆತ್ತವಳು ಅವಳು.

ಈಗ ಹುಡುಗಿ ದೊಡ್ಡವಳಾದ ವರ್ಷವೇ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಮಾತನಾಡುತ್ತೇನೆ. ಸಾಧ್ಯವಿದ್ದಲ್ಲೆಲ್ಲ ವಾಲ್ಪ್ರೋಯೇಟ್ ಶುರು ಮಾಡುವುದೇ ಇಲ್ಲ. ಲೆವೆಟಿರಾಸಿಟಮ್, ಲ್ಯಾಮೊಟ್ರಿಜಿನ್ ಬಗ್ಗೆ ತಜ್ಞರನ್ನು ಕೇಳುತ್ತೇನೆ. ಮಗು ಬೇಕೆಂದುಕೊಳ್ಳುವ ಮೊದಲೇ, ಕನಿಷ್ಠ ಮೂರು ತಿಂಗಳು, ಫೋಲಿಕ್ ಆ್ಯಸಿಡ್ 5 ಮಿಲಿಗ್ರಾಂ ಶುರುವಾಗಿರಬೇಕು. ಹಿಂದೆ ಇಂಥ ಮಗು ಹುಟ್ಟಿದ್ದ ತಾಯಂದಿರಿಗೆ ಗರ್ಭಕ್ಕೆ ಮೊದಲೇ 4 ಮಿಲಿಗ್ರಾಂ ಕೊಟ್ಟು, ದೋಷ ಮರುಕಳಿಸುವುದನ್ನು 72 ಪ್ರತಿಶತ ತಡೆಯಬಹುದೆಂದು 1991ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿತು. ಆದರೆ ಅದು ವಾಲ್ಪ್ರೋಯೇಟ್ ಮಾಡುವ ಹಾನಿಯನ್ನು ಅಳಿಸುತ್ತದೆ ಎಂದು ಯಾರಿಗೂ ಹೇಳುವಂತಿಲ್ಲ. ಫೋಲಿಕ್ ಆ್ಯಸಿಡ್ ಇದೆಯಲ್ಲ ಎಂದು ಧೈರ್ಯವಾಗಿ ವಾಲ್ಪ್ರೋಯೇಟ್ ಮುಂದುವರಿಸಿದ ಚೀಟಿಗಳನ್ನು ನಾನು ನೋಡಿದ್ದೇನೆ, ಒಂದು ಕಾಲಕ್ಕೆ ಬರೆದೂ ಇದ್ದೇನೆ. ಈ ವಿಷಯದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗದ ಗರ್ಭಿಣಿಯರ ದಾಖಲೆ ಇಡುತ್ತಿರುವವರಿಗೆ ನಾವೆಲ್ಲ ಋಣಿಗಳು. ನಮ್ಮ ನೆರೆಯ ಹೆಣ್ಣುಮಕ್ಕಳ ಅನುಭವವೇ ಅಲ್ಲಿ ಅಂಕಿಗಳಾಗಿ ಕೂಡಿದೆ.

7. ತಾಯಿ ಕಾರ್ಡಿನ ಮೇಲೆ ಮಾತ್ರೆಯ ಹೆಸರು ಬರೆಯಬೇಕು

ಕಿಣ್ವ ಎಬ್ಬಿಸುವ ಮಾತ್ರೆಗಳನ್ನು ನುಂಗುವ ತಾಯಿಯ ಮಗುವಿನಲ್ಲಿ ವಿಟಮಿನ್ ಕೆ ಕಡಿಮೆಯಿರಬಹುದು. ಹುಟ್ಟಿದ 24 ಗಂಟೆಯೊಳಗೇ ರಕ್ತಸ್ರಾವದ ಅಪಾಯ. ಹುಟ್ಟಿದ ಕೂಡಲೇ ತೊಡೆಗೆ 1 ಮಿಲಿಗ್ರಾಂ ಕೆ ಇಂಜೆಕ್ಷನ್ ಬಿದ್ದರೆ ಆ ಅಪಾಯ ಕಡಿಮೆಯಾಗುತ್ತದೆ. ಹೆರಿಗೆ ಮಾಡಿಸುವ ನರ್ಸಮ್ಮನಿಗೆ ಗೊತ್ತಾಗಲೆಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ, ಊರಿನ ಆಶಾ ಕಾರ್ಯಕರ್ತೆಗೂ ಹೇಳಿರುತ್ತೇನೆ.

8. ಒಂದೇ ಗುಟುಕಿನಲ್ಲಿ ಎಲ್ಲವನ್ನೂ ನುಂಗಿಸಿದೆ

ಮರೆಯಬಾರದೆಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಫೆನಿಟಾಯಿನ್ ಜೊತೆಗೇ ರಾತ್ರಿ ತೆಗೆದುಕೊಳ್ಳಲು ಹೇಳುತ್ತಿದ್ದೆ. ಕ್ಯಾಲ್ಸಿಯಂ ಫೆನಿಟಾಯಿನ್ ಅನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕನಿಷ್ಠ ಎರಡು ಗಂಟೆ ಅಂತರ ಬೇಕು. ಈಗ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ, ಫೆನಿಟಾಯಿನ್ ಮಲಗುವಾಗ. ನರಕ್ಕೆ ಒಳ್ಳೆಯದೆಂದು ಅಂಗಡಿಯಲ್ಲಿ ಕೊಡುವ ಬಿ6 ಕೂಡ ದೊಡ್ಡ ಪ್ರಮಾಣದಲ್ಲಿ ಫೆನಿಟಾಯಿನ್, ಫಿನೋಬಾರ್ಬಿಟೋನ್ ಮಟ್ಟವನ್ನು ಇಳಿಸಬಲ್ಲದು. ತಿಂಗಳುಗಟ್ಟಲೆ ನುಂಗಿದರೆ ನರವನ್ನೇ ಕೆಡಿಸುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ತೆಗೆದುಕೊಳ್ಳುವವರು ಥೈರಾಯ್ಡ್ ಪರೀಕ್ಷೆಗೆ ಮೊದಲು ಅದನ್ನು ವೈದ್ಯರಿಗೆ ಹೇಳಬೇಕು, ಇಲ್ಲವಾದರೆ ವರದಿ ತಪ್ಪು ಬರಬಹುದು. ಕೈಚೀಲದಲ್ಲಿರುವ ಎಲ್ಲ ಮಾತ್ರೆ ಹಾಳೆಗಳನ್ನೂ ಮೇಜಿನ ಮೇಲೆ ಸುರಿಸಿ ನೋಡುವುದು ಈಗ ನನ್ನ ಪರೀಕ್ಷೆಯ ಮೊದಲ ಹಂತ.

9. ಅರಿವು ಮೂಡಿಸಲು ಹೋಗಿ ಹೆದರಿಸಿದೆ

ಇಷ್ಟೆಲ್ಲ ಕಲಿತ ಮೇಲೆ ಬಂದವರಿಗೆಲ್ಲ ವಿವರಿಸತೊಡಗಿದೆ. ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಲಿವರ್ ಹೀಗೆ ಮಾಡುತ್ತದೆ. ಗೋಡೆಗೆ ಚಿತ್ರವನ್ನೂ ಅಂಟಿಸಿದ್ದೆ. ಎಲೆಕ್ಟ್ರಿಕ್ ಕೆಲಸ ಮಾಡುವ 27 ವರ್ಷದ ಯುವಕನೊಬ್ಬ ಗಮನವಿಟ್ಟು ಕೇಳಿದ, ಪ್ರಶ್ನೆ ಕೇಳಿದ, ಕೈ ಮುಗಿದು ಹೋದ. ನನಗೆ ತೃಪ್ತಿಯಾಯಿತು. ಅವನು ಮನೆಗೆ ಹೋಗಿ ತನ್ನ ಎರಡೂ ಫಿಟ್ಸ್ ಮಾತ್ರೆಗಳನ್ನು ಅಂದೇ ನಿಲ್ಲಿಸಿದ. ನಾಲ್ಕನೆಯ ದಿನ ರಾತ್ರಿ ಶುರುವಾದ ಫಿಟ್ಸ್ ನಿಲ್ಲಲೇ ಇಲ್ಲ. 108 ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹೋದರು, ಮೂರು ದಿನ ಐಸಿಯುನಲ್ಲಿದ್ದ. ಬದುಕಿದ. ಹಠಾತ್ತನೆ ಮಾತ್ರೆ ನಿಲ್ಲಿಸಿದಾಗ ಹೀಗಾಗಿ ಬದುಕದವರೂ ಇದ್ದಾರೆ.

ಅವನನ್ನು ನೋಡಲು ಹೋದಾಗ ಅವನ ತಂದೆ ನನ್ನನ್ನು ಬೈಯಲಿಲ್ಲ. "ನೀವೇ ಹೇಳುದ್ರಂತಲ್ಲವ್ವ, ಗುಳ್ಗ ಮೂಳ ತಿಂತದ ಅಂತ" ಎಂದರು ಅಷ್ಟೆ. ನಾನು ಹೇಳಿದ್ದು ಅದಲ್ಲ. ಆದರೆ ಅವರು ಕೇಳಿಸಿಕೊಂಡದ್ದು ಅದೇ. ಚಿತ್ರವನ್ನು ಗೋಡೆಯಿಂದ ತೆಗೆದೆ.

ಈಗ ಮಾತಿನ ಕ್ರಮ ಬೇರೆ. ಮೊದಲು ಅವರಿಂದಲೇ ಹೇಳಿಸುತ್ತೇನೆ: ಮಾತ್ರೆಗೆ ಮೊದಲು ತಿಂಗಳಿಗೆ ಎಷ್ಟು ಸಲ ಬರುತ್ತಿತ್ತು, ಎಲ್ಲೆಲ್ಲಿ ಬಿದ್ದಿರಿ, ಸುಟ್ಟ ಗಾಯ ಎಲ್ಲಿದೆ. ಆಮೇಲೆ, "ಈ ಮಾತ್ರೆ ನಿಮ್ಮನ್ನು ಕಾಯುತ್ತಿದೆ. ಅದಕ್ಕೆ ಜೊತೆಗೊಂದು ವಿಟಮಿನ್ ಬೇಕು. ಇದನ್ನು ಬಿಡುವಂತಿಲ್ಲ, ಅದನ್ನು ಸೇರಿಸಬೇಕು" ಎನ್ನುತ್ತೇನೆ. ಏನು ಅರ್ಥವಾಯಿತೆಂದು ಅವರ ಬಾಯಿಂದಲೇ ಕೇಳಿಸಿಕೊಂಡು ಕಳಿಸುತ್ತೇನೆ.

10. ಎಲ್ಲರಿಗೂ ಒಂದೇ ತೀರ್ಮಾನ ಹೊಂದುವುದಿಲ್ಲ

ಹೊಸ ಮಾತ್ರೆಗಳು ಡಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಹಾಗಾದರೆ ಎಲ್ಲರನ್ನೂ ಲೆವೆಟಿರಾಸಿಟಮ್‌ಗೆ ಬದಲಿಸಿದರೆ ಆಯಿತಲ್ಲ ಎಂದು ಒಂದು ಕಾಲಕ್ಕೆ ಹೊರಟಿದ್ದೆ. ಖರ್ಚು ಹೆಚ್ಚು ಎಂಬುದು ಒಂದು. ಕೆಲವರಿಗೆ ಅದರಿಂದ ಸಿಟ್ಟು, ಸಿಡುಕು ವಿಪರೀತವಾಗುತ್ತದೆ. ಹೆಂಡತಿ ಮಕ್ಕಳೊಡನೆ ದಿನವೂ ಜಗಳ ಎಂದು ಅಳುತ್ತಾ ಬಂದ ಗಂಡಸರನ್ನು ನೋಡಿದ್ದೇನೆ. ಇನ್ನು ಕೆಲವರಿಗೆ ದಿನವೂ ಮಾತ್ರೆಯೇ ಬೇಕಿರಲಿಲ್ಲ. ನಮ್ಮ ಕಡೆ ತಲೆಗೆ ಬಿಸಿನೀರು ಎರೆದುಕೊಂಡಾಗ ಮಾತ್ರ ಫಿಟ್ಸ್ ಬರುವವರಿದ್ದಾರೆ. ಅವರಲ್ಲಿ ಅನೇಕರಿಗೆ ನೀರಿನ ಬಿಸಿ ಕಡಿಮೆ ಮಾಡಿ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೊಬಜಾಮ್ ಕೊಟ್ಟರೆ ಸಾಕೆಂದು ನಿಮ್ಹಾನ್ಸ್‌ನವರು ತೋರಿಸಿದ್ದಾರೆ. ಅಂಥ ಮೂವರಿಗೆ ನಾನು ವರ್ಷಗಟ್ಟಲೆ ದಿನಾ ಫೆನಿಟಾಯಿನ್ ನುಂಗಿಸಿದ್ದೆ.

ಪುಸ್ತಕದಲ್ಲಿ ಒಬ್ಬರ ಪುಟ ಈಗಲೂ ನನ್ನನ್ನು ಯೋಚನೆಗೆ ಹಚ್ಚುತ್ತದೆ. 61 ವರ್ಷದ ಅಜ್ಜಿ. 24 ವರ್ಷದಿಂದ ಗಾರ್ಡಿನಾಲ್, 19 ವರ್ಷದಿಂದ ಒಂದೂ ಫಿಟ್ಸ್ ಇಲ್ಲ. ಮೂಳೆಯ ಸಾಂದ್ರತೆ ಕಡಿಮೆಯಿದೆ. ಮಾತ್ರೆ ಬದಲಿಸಲು ಹೋದರೆ ಈ ವಯಸ್ಸಿನಲ್ಲಿ ಫಿಟ್ಸ್ ಮರಳಿ ಬಿದ್ದು ಮೂಳೆ ಮುರಿಯಬಹುದು. ಬದಲಿಸದಿದ್ದರೆ ಮೂಳೆ ಇನ್ನೂ ಸವೆಯಬಹುದು. ಮೈಸೂರಿನ ನರರೋಗ ತಜ್ಞರು ಎರಡೂ ದಾರಿ ವಿವರಿಸಿ, ಅವರನ್ನೇ ಕೇಳಿ ಎಂದರು. ಕೇಳಿದೆ. "ಇಷ್ಟ್ ವರ್ಸ ನನ್ ಕಾಪಾಡದ ಗುಳ್ಗ ಕನವ್ವ, ಈಗ್ಯಾಕ ಬುಡ್ಲಿ?" ಎಂದರು.

ಹಾಗಾಗಿ ಬದಲಿಸಿಲ್ಲ. ಅಮಾವಾಸ್ಯೆಗೊಂದು ಡಿ ಸ್ಯಾಶೆ, ಮಧ್ಯಾಹ್ನ ಕ್ಯಾಲ್ಸಿಯಂ, ಆರು ತಿಂಗಳಿಗೊಮ್ಮೆ ಕ್ಯಾಲ್ಸಿಯಂ ಮತ್ತು ಆಲ್ಕಲೈನ್ ಫಾಸ್ಫಟೇಸ್. ಮೊಮ್ಮಗ ಬಚ್ಚಲಿಗೆ ಬಲ್ಬ್ ಹಾಕಿಸಿ, ಹಿಡಿದುಕೊಳ್ಳಲು ಗೋಡೆಗೊಂದು ಕಬ್ಬಿಣದ ಕಂಬಿ ಕೂರಿಸಿದ್ದಾನೆ. ಹೋದ ತಿಂಗಳು ಚಾಪೆಯ ಮೇಲೆ ಕೂರಿಸಿ ಏಳಿಸಿದಾಗ ಒಂದು ಕೈ ಊರಿ ಎದ್ದರು. ಅದಕ್ಕೆ ಹಿಂದಿನ ಸಲ ಎರಡೂ ಕೈ ಊರಿದ್ದರು. ಮೂರನೆಯ ಕಲಂನಲ್ಲಿ "ಒಂದು ಕೈ" ಎಂದು ಬರೆದಿದ್ದೇನೆ. ಯುಗಾದಿ ಕಳೆದ ಮೇಲೆ ಮತ್ತೆ ಬರಲು ಹೇಳಿದ್ದೇನೆ.